ಬೀಜಕ್ಕೆ ಬಿಸುಪು, ಸಸಿಗೆ ಬಿಸಿಲು

ಮುಂಗಾರು ಹಿಡಿದು ಟೊಮೆಟೊ ದರ ಮೇಲೇರಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯ ಒಂದೇ ಆಗಿಬಿಡುತ್ತದೆ. 2023ರ ಜುಲೈಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿ, ಇನ್ನು ಸಾರಿಗೆ ಹುಣಸೆಹಣ್ಣೇ ಗತಿ ಎಂದು ಮನೆಮನೆಯಲ್ಲೂ ತೀರ್ಮಾನವಾಗಿತ್ತಲ್ಲ, ಆಗಿನಿಂದಂತೂ ತಾರಸಿ, ಬಾಲ್ಕನಿ, ಕಿಟಕಿ ಕಟ್ಟೆ ಅನ್ನದೆ ಎಲ್ಲೆಡೆ ಟೊಮೆಟೊ ಬೀಜ ಬಿತ್ತುವವರು ಹೆಚ್ಚಿದ್ದಾರೆ. ಅವರು ಕಳಿಸುವ ಫೋಟೊಗಳನ್ನು ಸಾಲಾಗಿ ಇಟ್ಟರೆ ಯಾರ ಮನೆಯದು ಯಾವುದೆಂದು ಗುರುತು ಹಿಡಿಯುವುದು ಕಷ್ಟ. ಒಂದು ಪೇಪರ್ ಕಪ್ಪು, ಅದರೊಳಗೆ ಕಂದು ಬಣ್ಣದ ಕೊಕೊಪಿಟ್, ಅದರಿಂದ ಎದ್ದುಬಂದ ಬೆಳ್ಳನೆಯ ತೆಳು ಕಾಂಡ, ತುದಿಯಲ್ಲಿ ಎರಡು ಪುಟ್ಟ ಎಲೆ. ಕಾಂಡ ಕಿಟಕಿಯ ಕಡೆಗೆ ವಾಲಿರುತ್ತದೆ, ಇಲ್ಲವೇ ಪೂರ್ತಿ ಮಲಗಿರುತ್ತದೆ. ಜೊತೆಗೊಂದು ಸಾಲು: ‘ಬೀಜ ಚೆನ್ನಾಗೇ ಮೊಳೆಯಿತು, ಆಮೇಲೆ ಏನಾಯಿತೋ ಗೊತ್ತಾಗಲಿಲ್ಲ.’

ಅನುಮಾನವೆಲ್ಲ ಬೀಜದ ಮೇಲೆಯೇ. ಅಂಗಡಿಯವನು ಹಳೇ ಪ್ಯಾಕೆಟ್ ಕೊಟ್ಟನೇ, ಕಂಪನಿ ಸರಿಯಿಲ್ಲವೇ, ಗೊಬ್ಬರ ಕಡಿಮೆಯಾಯಿತೇ ಎಂದು ಕೇಳುತ್ತಾರೆ. ಮೊಳೆತ ಬೀಜ ತನ್ನ ಕೆಲಸ ಮುಗಿಸಿದೆ, ಅದನ್ನು ದೂರುವಂತಿಲ್ಲ. ತಾಪತ್ರಯವೆಲ್ಲ ಮೊಳಕೆ ಮೇಲೆದ್ದ ಗಳಿಗೆಯಿಂದ ಮುಂದಿನದು. ಬೀಜಕ್ಕೆ ಬೇಕಾದ್ದೇ ಬೇರೆ, ಸಸಿಗೆ ಬೇಕಾದ್ದೇ ಬೇರೆ. ಬೀಜ ಕೇಳುವುದು ಬಿಸುಪು, ತೇವ, ಮುಚ್ಚಿಗೆ. ಸಸಿ ಕೇಳುವುದು ಬೆಳಕು, ಗಾಳಿ, ಸ್ವಲ್ಪ ಒಣಗಿದ ಬುಡ. ಇವೆರಡರ ನಡುವೆ ಹೆಚ್ಚೆಂದರೆ ಒಂದು ದಿನದ ಅಂತರವಿದೆ. ಆ ದಿನ ನಮ್ಮ ಆರೈಕೆಯ ರೀತಿಯೂ ತಿರುಗಬೇಕು. ಮನೆಯಲ್ಲಿ ಸಸಿ ಮಾಡುವವರಲ್ಲಿ ಬಹುತೇಕರು ಬೀಜಕ್ಕೆ ಮಾಡುತ್ತಿದ್ದ ಉಪಚಾರವನ್ನೇ ಸಸಿಗೂ ಮುಂದುವರಿಸುತ್ತಾರೆ. ಟೊಮೆಟೊ ಸಸಿಯ ಬಗ್ಗೆ ನಾನು ಹೇಳಬೇಕಾದ್ದರ ತಿರುಳು ಇಷ್ಟೇ, ಉಳಿದದ್ದು ವಿವರ.

ಮೊದಲು ಬೀಜದ ಪಾಳಿ. ಟೊಮೆಟೊ ಬೀಜ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಲವಲವಿಕೆಯಿಂದ ಮೊಳೆಯುತ್ತದೆ, ಐದಾರು ದಿನಕ್ಕೆ ನೆಲ ಬಿರಿಯುತ್ತದೆ. 15 ಡಿಗ್ರಿಯ ಆಸುಪಾಸಿನಲ್ಲಿ ಅದೇ ಕೆಲಸಕ್ಕೆ ಎರಡು ವಾರ ಹಿಡಿದೀತು, 10 ಡಿಗ್ರಿಗಿಂತ ಕೆಳಗೆ ಮೊಳೆಯುವ ಮಾತೇ ಇಲ್ಲ. 35 ದಾಟಿದರೂ ಮೊಳಕೆಯ ಪ್ರಮಾಣ ಇಳಿಯುತ್ತದೆ. ಆದ್ದರಿಂದ ಡಿಸೆಂಬರ್ ಚಳಿಯಲ್ಲಿ ಬೆಂಗಳೂರಿನ ಬಾಲ್ಕನಿಯಲ್ಲಿ ಬಿತ್ತಿದವರು ವಾರ ಕಳೆದರೂ ಏನೂ ಬರಲಿಲ್ಲವೆಂದು ಕಪ್ಪು ಕೆದಕಿ ನೋಡುವ ಅಗತ್ಯವಿಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ತಾರಸಿ ಮೇಲೆ ಬಿತ್ತಿದವರು ಮಾತ್ರ ಕಪ್ಪನ್ನು ಒಳಗೆ ತಂದಿಡಬೇಕು. ಈ ಹಂತದಲ್ಲಿ ಬೆಳಕಿನ ಹಂಗಿಲ್ಲ. ಅಡುಗೆಮನೆಯ ಮೂಲೆ, ಅಟ್ಟದ ಅಂಚು, ಎಲ್ಲಿ ಬೆಚ್ಚಗಿರುತ್ತದೋ ಅಲ್ಲಿ ಇಡಬಹುದು. ಗೊಬ್ಬರದ ಹಂಗೂ ಇಲ್ಲ. ಬೀಜ ಮೊದಲ ಕೆಲವು ದಿನಕ್ಕೆ ಸಾಲುವಷ್ಟು ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ.

ಆಳ ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಸಾಕು. ತೀರಾ ಮೇಲೆ ಬಿತ್ತಿದರೆ ಒಂದು ವಿಚಿತ್ರ ನೋಡಸಿಗುತ್ತದೆ. ಟೊಮೆಟೊ ಮೊಳಕೆ ನೆಟ್ಟಗೆ ತಲೆಯೆತ್ತಿ ಬರುವುದಿಲ್ಲ. ಮೊದಲು ಕಾಣುವುದು ಬಾಗಿದ ಕತ್ತು. ತಲೆ ಇನ್ನೂ ಮಣ್ಣಿನೊಳಗಿರುತ್ತದೆ. ಕತ್ತು ನೆಟ್ಟಗಾಗುತ್ತಾ ತಲೆಯನ್ನು ಮೇಲಕ್ಕೆ ಎಳೆದುಕೊಳ್ಳುವಾಗ ಮೇಲಿನ ಮಣ್ಣು ಬೀಜದ ಸಿಪ್ಪೆಯನ್ನು ತಡೆದು ಹಿಡಿದುಕೊಳ್ಳುತ್ತದೆ, ಎರಡು ಬೀಜದಳಗಳು ಅದರಿಂದ ಜಾರಿ ಹೊರಬರುತ್ತವೆ. ಮೇಲಿನ ಪದರ ತೆಳುವಾಗಿದ್ದರೆ, ಇಲ್ಲವೇ ಒಣಗಿದ್ದರೆ, ಸಿಪ್ಪೆ ತಲೆಗೇ ಅಂಟಿಕೊಂಡು ಮೇಲೆ ಬರುತ್ತದೆ, ಎಲೆ ಬಿಚ್ಚಿಕೊಳ್ಳಲಾರದೆ ಒದ್ದಾಡುತ್ತದೆ. ಉಗುರಿನಿಂದ ಕೀಳಲು ಹೋದರೆ ಬೀಜದಳವೂ ಕಿತ್ತು ಬರುತ್ತದೆ. ಬೆರಳ ತುದಿಯಿಂದ ಒಂದು ತೊಟ್ಟು ನೀರು ಸಿಪ್ಪೆಯ ಮೇಲೆ ಬಿಟ್ಟು, ಒಂದೆರಡು ತಾಸು ನೆನೆಯಲು ಬಿಟ್ಟರೆ ತಾನೇ ಸಡಿಲವಾಗುತ್ತದೆ.

ಬಿತ್ತುವ ಪಾತ್ರೆಯ ವಿಷಯದಲ್ಲಿ ನನಗೆ ಮಡಿವಂತಿಕೆಯಿಲ್ಲ. ಪ್ರೋಟ್ರೇ ಕೊಳ್ಳಬಹುದು, ಪೇಪರ್ ಕಪ್ಪು, ಮೊಸರಿನ ಡಬ್ಬಿ, ಹಾಲಿನ ಕವರು, ತೂತು ಮಾಡಿದ ತೆಂಗಿನ ಕರಟ ಯಾವುದಾದರೂ ಆದೀತು. ತಳದಲ್ಲಿ ನೀರು ಇಳಿಯುವ ತೂತು ಇರಬೇಕೆಂಬುದೊಂದೇ ಷರತ್ತು. ಒಳಗೆ ತುಂಬುವುದಕ್ಕೆ ತೋಟದ ಮಣ್ಣು ಬೇಡ. ಅದು ಸಣ್ಣ ಕಪ್ಪಿನಲ್ಲಿ ಗಟ್ಟಿಯಾಗುತ್ತದೆ, ರೋಗವನ್ನೂ ಹೊತ್ತು ತರುತ್ತದೆ. ಎರಡು ಪಾಲು ಕೊಕೊಪಿಟ್‌ಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸೇರಿಸಿದರೆ ಹದವಾದ ಮಿಶ್ರಣ. ಕೊಕೊಪಿಟ್‌ನ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ಹೊಸ ನೀರು ಹಾಕಿ ಹಿಂಡಿ ಬಳಸುವುದು ಒಳ್ಳೆಯದು. ತೆಂಗಿನ ನಾರಿನ ಪುಡಿಯಲ್ಲಿ ಲವಣದ ಅಂಶ ಉಳಿದಿರುವುದುಂಟು, ಎಳೆಯ ಬೇರಿಗೆ ಅದು ಸೇರುವುದಿಲ್ಲ. ತೇವ ಎಷ್ಟಿರಬೇಕೆಂದು ತಿಳಿಯಲು ಮುಷ್ಟಿಯಲ್ಲಿ ಹಿಡಿದು ಅಮುಕಿ ನೋಡಿ. ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು.

ಇನ್ನು ಆ ತಿರುವಿನ ದಿನದ ಮಾತು. ಅದನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಯಾವುದಾದರೂ ಸಸಿ ನರ್ಸರಿಗೆ ಒಮ್ಮೆ ಹೋಗಿ ಬರಬೇಕು. ಹಿಂದೆ ರೈತರು ಹೊಲದ ಮೂಲೆಯಲ್ಲೇ ಸಸಿಮಡಿ ಮಾಡಿ ಬೀಜ ಚೆಲ್ಲುತ್ತಿದ್ದರು. ಈಗ ಆ ಕೆಲಸವನ್ನು ಬಹುಪಾಲು ನರ್ಸರಿಗಳು ವಹಿಸಿಕೊಂಡಿವೆ. 98 ಗುಳಿಗಳ ಕಪ್ಪು ಟ್ರೇಗೆ ಕೊಕೊಪಿಟ್ ತುಂಬಿ, ಗುಳಿಗೊಂದು ಬೀಜ ಹಾಕಿ, ತೆಳ್ಳಗೆ ಮುಚ್ಚುತ್ತಾರೆ. ಆಮೇಲೆ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಇಡೀ ರಾಶಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಟ್ಟುಬಿಡುತ್ತಾರೆ. ಒಳಗೆ ಕತ್ತಲೆ, ಸೆಕೆ, ತೇವ. ಬೀಜಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ನಾನು ಹೋದ ನರ್ಸರಿಯೊಂದರಲ್ಲಿ ಹೆಂಗಸೊಬ್ಬರು ಬೆಳಿಗ್ಗೆ ಬಂದವರೇ ಬೇರೆ ಯಾವ ಕೆಲಸಕ್ಕೂ ಕೈಹಾಕದೆ ಆ ಹಾಳೆ ಎತ್ತಿ, ರಾಶಿಯ ನಡುವಿನ ಟ್ರೇ ಎಳೆದು, ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದರು. ಅಲ್ಲೊಂದು ಇಲ್ಲೊಂದು ಗುಳಿಯಲ್ಲಿ ಬಿಳಿ ಕತ್ತು ಇಣುಕಿತ್ತು. ಕೂಡಲೇ ಜೊತೆಯವರನ್ನು ಕೂಗಿ ಇಡೀ ರಾಶಿ ಇಳಿಸಿ ನೆರಳುಪರದೆಯ ಕೆಳಗೆ ಹರಡಿಸಿದರು. ‘ಇನ್ನೂ ಅರ್ಧಕ್ಕರ್ಧ ಬಂದೇ ಇಲ್ಲವಲ್ಲ ಅಕ್ಕ, ನಾಳೆ ಇಳಿಸಿದರಾಗದೇ?’ ಎಂದೆ. ‘ನಾಳೆಗೆ ಬಿಟ್ರೆ ಬಂದಿರೋವೆಲ್ಲ ಕತ್ತು ಉದ್ದ ಮಾಡ್ಕೊಂಬಿಡ್ತವೆ ಮೇಡಂ. ಬರದೇ ಇರೋವು ಹೊರಗಡೆನೂ ಬರ್ತವೆ’ ಎಂದರು.

ಅವರ ಮಾತಿನಲ್ಲಿ ಸಸ್ಯಶಾಸ್ತ್ರದ ಒಂದು ಪಾಠವೇ ಅಡಗಿದೆ. ಮಣ್ಣಿನೊಳಗೆ ಮೊಳೆತ ಬೀಜಕ್ಕೆ ತಾನು ಮೇಲೆ ಬಂದೆನೋ ಇಲ್ಲವೋ ಎಂದು ತಿಳಿಯುವ ಮುಖ್ಯ ದಾರಿ ಬೆಳಕು. ಕತ್ತಲಿರುವ ತನಕ ಅದು ತನ್ನಲ್ಲಿರುವ ಅಷ್ಟಿಷ್ಟು ಆಹಾರವನ್ನೆಲ್ಲ ಕಾಂಡ ಉದ್ದ ಮಾಡುವುದಕ್ಕೇ ಸುರಿಯುತ್ತದೆ. ಬೆಳಕು ತಾಗಿದ ಮೇಲೆ ಆ ಓಟ ನಿಂತು, ಕಾಂಡ ದಪ್ಪವಾಗುವುದಕ್ಕೆ, ಎಲೆ ಹಸಿರಾಗುವುದಕ್ಕೆ, ಬೇರು ಇಳಿಯುವುದಕ್ಕೆ ಶಕ್ತಿ ಹಂಚಿಕೆಯಾಗುತ್ತದೆ. ಬೆಳಕು ಮಬ್ಬಾಗಿದ್ದರೆ ಅದು ಇನ್ನೂ ಅರ್ಧ ಕತ್ತಲಲ್ಲಿರುವ ಲೆಕ್ಕದಲ್ಲೇ ಎತ್ತರಕ್ಕೆ ಏರುತ್ತದೆ. ಫೋಟೊಗಳಲ್ಲಿ ಬರುವ ಆ ಬೆಳ್ಳನೆಯ ಉದ್ದ ಕಾಂಡ ಗೊಬ್ಬರದ ಕೊರತೆಯಿಂದ ಆದದ್ದಲ್ಲ, ರೋಗವೂ ಅಲ್ಲ. ಬೆಳಕು ಹುಡುಕಿ ಹೊರಟ ಗಿಡ ಅದು.

‘ನಮ್ಮ ಹಾಲ್‌ನಲ್ಲಿ ಬೇಕಾದಷ್ಟು ಬೆಳಕಿದೆ’ ಎನ್ನುವವರು ಬಹಳ. ಇಲ್ಲಿ ನಮ್ಮ ಕಣ್ಣು ನಮ್ಮನ್ನು ಏಮಾರಿಸುತ್ತದೆ. ಮಧ್ಯಾಹ್ನದ ನೇರ ಬಿಸಿಲಿನ ತೀವ್ರತೆ ಸುಮಾರು 1 ಲಕ್ಷ ಲಕ್ಸ್. ಬಯಲಿನ ಮರದ ನೆರಳಿನಲ್ಲೂ ಹಲವು ಸಾವಿರ ಇರುತ್ತದೆ. ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ ಇರುವುದು ಇನ್ನೂರು ಮುನ್ನೂರು ಲಕ್ಸ್. ನಮ್ಮ ಕಣ್ಣು ಮಬ್ಬಿಗೆ ತಕ್ಷಣ ಹೊಂದಿಕೊಂಡು ಪೇಪರ್ ಓದಿಸುತ್ತದೆ, ಎಲೆಗೆ ಆ ಅನುಕೂಲವಿಲ್ಲ. ಬಿದ್ದಷ್ಟು ಬೆಳಕಿನಲ್ಲೇ ಅದು ಅಡುಗೆ ಮಾಡಿಕೊಳ್ಳಬೇಕು. ಕಿಟಕಿ ಕಟ್ಟೆಯಲ್ಲಿ ಇಟ್ಟರೂ ಬೆಳಕು ಒಂದೇ ಕಡೆಯಿಂದ ಬರುವುದರಿಂದ ಗಿಡ ಆ ಕಡೆಗೆ ವಾಲುತ್ತದೆ. ದಿನಾ ಕಪ್ಪು ತಿರುಗಿಸಿಟ್ಟರೆ ವಾಲುವುದು ತಪ್ಪೀತು, ಸೊರಗುವುದು ತಪ್ಪದು.

ಈ ಗೊಂದಲ ಹೆಚ್ಚಾಗಲು ಚಳಿ ದೇಶಗಳ ವಿಡಿಯೊಗಳದ್ದೂ ಪಾಲಿದೆ ಎಂದು ನನ್ನ ಗುಮಾನಿ. ಅಲ್ಲಿ ಟೊಮೆಟೊ ಬೀಜವನ್ನು ಮನೆಯೊಳಗೇ ಬಿತ್ತುತ್ತಾರೆ. ವಸಂತದ ಕೊನೆಯ ಹಿಮ ಬೀಳುವ ದಿನ ಇಂಥದ್ದೆಂದು ಅಂದಾಜು ಮಾಡಿ, ಅದಕ್ಕಿಂತ ಆರೆಂಟು ವಾರ ಮುಂಚೆ ಟ್ರೇ ತುಂಬುತ್ತಾರೆ. ಹೊರಗೆ ಹಿಮವಿರುವುದರಿಂದ ಒಳಗೆ ಬೆಳಕಿನ ದೀಪ ತೂಗುಹಾಕುತ್ತಾರೆ, ಟ್ರೇ ಕೆಳಗೆ ಬಿಸಿ ಮಾಡುವ ಚಾಪೆ ಹಾಸುತ್ತಾರೆ. ಅವರಿಗೆ ಬೇರೆ ದಾರಿಯಿಲ್ಲ. ನಮ್ಮಲ್ಲಿ ಅದನ್ನು ನೋಡಿ ದೀಪ ತರಿಸುವವರಿದ್ದಾರೆ. ದೀಪವಿಲ್ಲದೆ ಒಳಗಿಡುವ ಭಾಗವನ್ನು ಮಾತ್ರ ಅನುಸರಿಸುವವರು ಅವರಿಗಿಂತ ಹೆಚ್ಚು. ಹಿಮದ ಹೆದರಿಕೆಯೇ ಇಲ್ಲದ ಊರಿನಲ್ಲಿ ಟೊಮೆಟೊ ಸಸಿಯನ್ನು ನಾಲ್ಕು ಗೋಡೆಯೊಳಗೆ ಸಾಕಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ವಿದೇಶದಲ್ಲಿರುವ ಕನ್ನಡಿಗ ಓದುಗರು ದೀಪ ಹಾಕಿಕೊಳ್ಳಲಿ. ಮೈಸೂರು, ದಾವಣಗೆರೆ, ಹುಬ್ಬಳ್ಳಿಯವರಿಗೆ ಬಾಗಿಲಾಚೆಯೇ ಬಿಸಿಲು ನಿಂತಿದೆ.

ಹಾಗೆಂದು ಮೊಳಕೆ ಬಂದ ದಿನವೇ ಮಟಮಟ ಮಧ್ಯಾಹ್ನಕ್ಕೆ ಒಡ್ಡಬೇಕೆಂದಲ್ಲ. ಮೊದಲ ಎರಡು ಮೂರು ದಿನ ಬೆಳಗಿನ ಎಳೆ ಬಿಸಿಲು, ಆಮೇಲೆ ಹತ್ತು ಹನ್ನೊಂದು ಗಂಟೆಯ ತನಕದ ಬಿಸಿಲು, ಮುಂದೆ ಐದಾರು ತಾಸು. ಬಿಸಿಲು ಹೆಚ್ಚಾದರೆ ಎಲೆಗಿಂತ ಮೊದಲು ತೊಂದರೆಗೆ ಸಿಲುಕುವುದು ಬೇರು. ಸಣ್ಣ ಕಪ್ಪು ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ನೆರಳುಪರದೆಯನ್ನೋ ಹಳೆಯ ತೆಳು ಸೀರೆಯನ್ನೋ ಕಟ್ಟಿದರೆ ಸಾಕು. ಮಳೆಗಾಲದಲ್ಲಿ ಮೋಡ ಮುಸುಕಿದ್ದರೂ ಬಯಲಿನ ಬೆಳಕು ಹಾಲ್‌ನ ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚು. ಆಗ ನೋಡಿಕೊಳ್ಳಬೇಕಾದ್ದು ಹೊಡೆತದ ಮಳೆ ನೇರ ಬೀಳದಂತೆ. ಗಾಳಿಯಾಡುವ ಜಾಗದಲ್ಲಿಟ್ಟರೆ ಇನ್ನೊಂದು ಲಾಭವಿದೆ. ಅಲುಗಾಡುವ ಕಾಂಡ ಗಿಡ್ಡಗೆ, ದಪ್ಪಗೆ ಬೆಳೆಯುತ್ತದೆ. ಗಾಳಿಯಿಲ್ಲದ ಕಡೆ ದಿನಕ್ಕೆ ಒಂದೆರಡು ಸಲ ಸಸಿಗಳ ತಲೆ ಮೇಲೆ ಅಂಗೈಯನ್ನು ಹಗುರವಾಗಿ ಆಡಿಸಿದರೂ ಅದೇ ಪರಿಣಾಮ ಆಗುತ್ತದೆ. ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸ.

ನೀರಿನ ವಿಷಯದಲ್ಲೂ ಅದೇ ತಿರುವು. ಬೀಜ ಒಣಗಿದರೆ ಸತ್ತಂತೆ. ಅದಕ್ಕೆ ಮುಚ್ಚಳ, ಸಿಂಪರಣೆ ಎಲ್ಲವೂ ಸರಿ. ಸಸಿ ಎದ್ದ ಮೇಲೆ ಮುಚ್ಚಳ ತೆಗೆಯಬೇಕು, ಸಿಂಪರಣೆ ಬಾಟಲಿ ಒಳಗಿಡಬೇಕು. ಸದಾ ಒದ್ದೆಯಿರುವ ಮೇಲ್ಪದರದಲ್ಲಿ ಪಿಥಿಯಂ, ರೈಜೊಕ್ಟೋನಿಯದಂಥ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ರಾತ್ರಿ ಚೆನ್ನಾಗಿದ್ದ ಸಸಿ ಬೆಳಿಗ್ಗೆ ಬುಡ ಮುರಿದು ಮಲಗಿರುತ್ತದೆ. ಹತ್ತಿರದಿಂದ ನೋಡಿದರೆ ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ನೀರು ತುಂಬಿ, ದಾರದಷ್ಟು ಸಣ್ಣಗಾಗಿ, ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮೇಲಿನ ಎಲೆ ಮಾತ್ರ ಇನ್ನೂ ಹಸಿರು. ಇದೇ ಸಸಿ ಕೊಳೆ ರೋಗ. ಬಿದ್ದ ಸಸಿಗೆ ಔಷಧವಿಲ್ಲ. ಅದನ್ನು ಮಣ್ಣಿನ ಸಮೇತ ತೆಗೆದುಹಾಕಿ, ಉಳಿದವಕ್ಕೆ ಗಾಳಿ-ಬೆಳಕು ಹೆಚ್ಚಿಸಿ, ನೀರು ತಗ್ಗಿಸುವುದಷ್ಟೇ ದಾರಿ. ಮುನ್ನೆಚ್ಚರಿಕೆಗೆ ಬಿತ್ತುವ ಮಿಶ್ರಣದಲ್ಲೇ ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಸೇರಿಸುವುದು ರೈತರಲ್ಲಿ ರೂಢಿಯಲ್ಲಿದೆ, ಮನೆಯಲ್ಲೂ ಮಾಡಬಹುದು.

ನೀರು ಯಾವಾಗ ಕೊಡಬೇಕೆಂದು ಗಡಿಯಾರ ನೋಡಿ ಹೇಳಲಾಗದು. ಕಪ್ಪನ್ನು ಎತ್ತಿ ನೋಡಿ. ನೀರು ಕುಡಿದ ಕಪ್ಪಿನ ಭಾರ, ಒಣಗಿದ ಕಪ್ಪಿನ ಹಗುರ ಒಂದೆರಡು ದಿನದಲ್ಲಿ ಕೈಗೆ ಗೊತ್ತಾಗಿಬಿಡುತ್ತದೆ. ಹಗುರವೆನಿಸಿದಾಗ ಬೆಳಗಿನ ಹೊತ್ತು ಕಪ್ಪನ್ನು ಒಂದಂಗುಲ ನೀರಿರುವ ತಟ್ಟೆಯಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು ತೆಗೆದರೆ ತಳದಿಂದ ನೀರು ಏರುತ್ತದೆ, ಮೇಲ್ಪದರ ಒಣಗಿಯೇ ಉಳಿಯುತ್ತದೆ, ಬೇರೂ ನೀರು ಹುಡುಕಿ ಕೆಳಗಿಳಿಯುತ್ತದೆ. ಸಂಜೆ ಎಲೆ ತೋಯಿಸಿ ರಾತ್ರಿಯಿಡೀ ಒದ್ದೆ ಬಿಡುವುದಂತೂ ಬೇಡವೇ ಬೇಡ.

ಬೀಜದಳಗಳ ನಡುವಿನಿಂದ ಅಂಚು ಕತ್ತರಿಸಿದ ಎಲೆ ಬಂತೆಂದರೆ ಅದು ಟೊಮೆಟೊದ ನಿಜವಾದ ಎಲೆ. ಹಿಂದಿನ ಎರಡು ದಳಗಳು ಉದ್ದಕ್ಕೆ, ಸಪಾಟಾಗಿ ಇರುತ್ತವೆ. ಈ ಎಲೆ ಉಜ್ಜಿದರೆ ಟೊಮೆಟೊ ಗಿಡದ ಘಾಟು ಬೆರಳಿಗೆ ಅಂಟುತ್ತದೆ. ಇಲ್ಲಿಂದ ಊಟದ ಯೋಚನೆ ಮಾಡಬಹುದು. ಮಿಶ್ರಣದಲ್ಲಿ ಎರೆಗೊಬ್ಬರ ಇದ್ದರೆ ಬೇರೇನೂ ಅವಸರವಿಲ್ಲ. ಬರೀ ಕೊಕೊಪಿಟ್ ಆದರೆ ಅದರಲ್ಲಿ ಸತ್ವ ಹೆಚ್ಚೇನೂ ಇಲ್ಲದ್ದರಿಂದ ವಾರಕ್ಕೊಮ್ಮೆ ತಿಳಿಯಾದ ಗೊಬ್ಬರದ ನೀರು ಕೊಡಬೇಕು. 19:19:19 ಬಳಸುವವರು ಲೀಟರಿಗೆ ಒಂದು ಗ್ರಾಂ ದಾಟಬಾರದು. ಹಸಿ ಸಗಣಿ, ಯೂರಿಯಾ ಈ ವಯಸ್ಸಿಗೆ ಸಲ್ಲದು.

ಈಗಾಗಲೇ ಕತ್ತು ಉದ್ದವಾಗಿರುವ ಸಸಿಗಳನ್ನು ಏನು ಮಾಡುವುದು? ಬದನೆ, ಮೆಣಸಿನಕಾಯಿ ಆಗಿದ್ದರೆ ಹೊಸದಾಗಿ ಬಿತ್ತಿ ಎನ್ನುತ್ತಿದ್ದೆ. ಟೊಮೆಟೊಗೆ ಒಂದು ವರವಿದೆ, ಅದರ ಕಾಂಡ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಬೆಳೆದ ಗಿಡದ ಬುಡದಲ್ಲಿ ಬಿಳಿ ಗುಳ್ಳೆಗಳ ಹಾಗೆ ಕಾಣುವುದು ಹೊರಡಲು ಕಾದಿರುವ ಬೇರುಗಳೇ. ಆದ್ದರಿಂದ ಒಂದೆರಡು ನಿಜವಾದ ಎಲೆ ಬಂದ ಮೇಲೆ ಸಸಿಯನ್ನು ದೊಡ್ಡ ಕಪ್ಪಿಗೆ ಸಾಗಿಸಿ, ಬೀಜದಳದ ಬುಡದ ತನಕ ಹೂತುಬಿಡಿ. ಸಾಗಿಸುವಾಗ ಎಲೆ ಹಿಡಿದು ಎತ್ತಬೇಕು, ಕಾಂಡ ಹಿಡಿಯಬಾರದು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಅಲ್ಲಿಗೆ ಮುಗಿಯಿತು. ಹೂತ ಸಸಿಯನ್ನು ಬಿಸಿಲಿಗೆ ಒಗ್ಗಿಸಿದರೆ ವಾರದಲ್ಲಿ ಚೇತರಿಸಿಕೊಳ್ಳುತ್ತದೆ. ಹೂತ ಮೇಲೂ ಅದೇ ಮಬ್ಬು ಮೂಲೆಯಲ್ಲಿ ಇಟ್ಟರೆ ಮತ್ತೆ ಅದೇ ಕಥೆ.

ಎಷ್ಟು ಬೀಜ ಹಾಕಬೇಕೆಂಬ ಲೆಕ್ಕಾಚಾರದಲ್ಲೂ ಮನೆಯವರು ಎಡವುತ್ತಾರೆ. ಒಂದು ಗ್ರಾಂ ತೂಕದಲ್ಲಿ ಸುಮಾರು 300 ಟೊಮೆಟೊ ಬೀಜ ಇರುತ್ತವೆ. ಪ್ಯಾಕೆಟ್ ಒಡೆದ ಹುರುಪಿನಲ್ಲಿ ಚಿಟಿಕೆ ಬೀಜ ಉದುರಿಸಿದರೆ ಒಂದೇ ಕಪ್ಪಿನಲ್ಲಿ ಇಪ್ಪತ್ತು ಸಸಿ ಏಳುತ್ತವೆ. ಕೀಳಲು ಮನಸ್ಸು ಬರುವುದಿಲ್ಲ, ಅಷ್ಟೂ ಒಂದಕ್ಕೊಂದು ನೆರಳು ಮಾಡಿಕೊಂಡು ಎತ್ತರಕ್ಕೆ ಸ್ಪರ್ಧಿಸುತ್ತವೆ. ನಾಲ್ಕು ಜನರ ಮನೆಗೆ ನಾಲ್ಕಾರು ಗಿಡ ಧಾರಾಳ. ಅದಕ್ಕೆ ಹತ್ತು ಹನ್ನೆರಡು ಬೀಜ ಸಾಕು. ಕಪ್ಪಿಗೆ ಎರಡು ಹಾಕಿ, ಎರಡೂ ಬಂದರೆ ಸಪೂರವಾದದ್ದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಉಳಿದ ಬೀಜವನ್ನು ಒಣ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಟ್ಟರೆ ಮೂರ್ನಾಲ್ಕು ವರ್ಷ ಮೊಳೆಯುವ ಶಕ್ತಿ ಉಳಿಸಿಕೊಳ್ಳುತ್ತದೆ.

ಅಡುಗೆಗೆ ತಂದ ಟೊಮೆಟೊದ ಬೀಜವನ್ನೇ ಹಾಕಬಹುದೇ ಎಂಬುದು ಇನ್ನೊಂದು ಕಾಯಂ ಪ್ರಶ್ನೆ. ಹಾಕಬಹುದು, ಮೊಳೆಯುತ್ತದೆ. ಹಣ್ಣಿನೊಳಗೆ ಬೀಜದ ಸುತ್ತಲಿರುವ ಲೋಳೆ ಅದು ಅಲ್ಲೇ ಮೊಳೆಯದಂತೆ ತಡೆಯುತ್ತದೆ. ಬೀಜವನ್ನು ಲೋಳೆ ಸಮೇತ ಲೋಟದಲ್ಲಿ ಸ್ವಲ್ಪ ನೀರಿಗೆ ಹಾಕಿ ಎರಡು ಮೂರು ದಿನ ಹುಳಿಯಲು ಬಿಟ್ಟರೆ ಲೋಳೆ ಕರಗಿ, ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ. ತೊಳೆದು, ತಟ್ಟೆಯ ಮೇಲೆ ನೆರಳಿನಲ್ಲಿ ಒಣಗಿಸಬೇಕು. ಬಟ್ಟೆ, ಕಾಗದದ ಮೇಲೆ ಹರಡಿದರೆ ಅಂಟಿಕೊಳ್ಳುತ್ತದೆ. ಹಳ್ಳಿಯ ಹಿರಿಯರು ಒಲೆ ಬೂದಿಯಲ್ಲಿ ಉಜ್ಜಿ ಒಣಗಿಸುತ್ತಿದ್ದದ್ದೂ ಲೋಳೆ ಬಿಡಿಸಿ ತೇವ ಹೀರಿಸುವುದಕ್ಕೇ. ಆದರೆ ಮಾರುಕಟ್ಟೆಗೆ ಬರುವ ಹಣ್ಣು ಹೆಚ್ಚಾಗಿ ಎರಡು ತಳಿ ಸೇರಿಸಿದ ಹೈಬ್ರಿಡ್. ಅದರ ಬೀಜದಿಂದ ಬಂದ ಗಿಡಗಳು ತಾಯಿಯಂತೆ ಇರುವುದಿಲ್ಲ, ಒಂದರಂತೆ ಇನ್ನೊಂದೂ ಇರುವುದಿಲ್ಲ. ರೋಗ ತಡೆಯುವ ಗುಣ ಒಂದಕ್ಕೆ ಬಂದೀತು, ಇನ್ನೊಂದಕ್ಕೆ ಬರದೇ ಹೋದೀತು. ತಳ್ಳುಗಾಡಿಯವರು ನಾಟಿ ಟೊಮೆಟೊ ಎಂದು ಮಾರಿದ ಮಾತ್ರಕ್ಕೆ ಅದು ಶುದ್ಧ ತಳಿ ಎಂದುಕೊಳ್ಳುವಂತಿಲ್ಲ. ತಮಾಷೆಗೆ ಬೆಳೆಯುವವರು ಬೆಳೆಯಲಿ. ನಿಮ್ಮದೇ ಬೀಜ ಉಳಿಸಿಕೊಂಡು ಹೋಗುವ ಆಸೆಯಿದ್ದರೆ ಹೈಬ್ರಿಡ್ ಅಲ್ಲದ ತಳಿಯಿಂದ ಶುರು ಮಾಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್, ಅರ್ಕಾ ಸೌರಭ್ ಅಂಥವು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್. ಅದರಲ್ಲಿ ಎಲೆ ಮುದುಡು, ದುಂಡಾಣು ಸೊರಗು, ಎಲೆ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವ ಗುಣ ಸೇರಿಸಲಾಗಿದೆ. ಬೀಜ ಪ್ರತಿಸಲ ಕೊಳ್ಳಬೇಕು, ಬದಲಿಗೆ ಗಿಡ ಉಳಿಯುವ ಭರವಸೆ ಹೆಚ್ಚು.

ಎಲೆ ಮುದುಡು ಎಂದೆನಲ್ಲ, ಬೆಂಗಳೂರಿನ ಹೆಸರನ್ನೇ ಹೊತ್ತ ವೈರಸ್ ಒಂದು ಆ ರೋಗ ತರುವ ಗುಂಪಿನಲ್ಲಿದೆ, ಕರ್ನಾಟಕದ ಹೆಸರಿನದು ಇನ್ನೊಂದಿದೆ. ಹರಡುವುದು ಒಂದು ಮಿಲಿಮೀಟರ್ ಉದ್ದದ ಬಿಳಿನೊಣ. ಹೂ ಬಿಟ್ಟ ಮೇಲೆ ತಗುಲಿದರೆ ನಾಲ್ಕು ಹಣ್ಣಾದರೂ ಸಿಕ್ಕೀತು. ಸಸಿಯಾಗಿದ್ದಾಗಲೇ ತಗುಲಿದರೆ ಎಲೆ ದೋಣಿಯಾಗಿ ಮುದುಡಿ, ಗಿಡ ಗಿಡ್ಡಗೆ ನಿಂತುಬಿಡುತ್ತದೆ. ನರ್ಸರಿಗಳು ಒತ್ತಾದ ನೈಲಾನ್ ಪರದೆಯೊಳಗೆ ಸಸಿ ಬೆಳೆಸುವುದು ಇದಕ್ಕೇ. ಸೊಳ್ಳೆಪರದೆಯ ಕಣ್ಣು ಬಿಳಿನೊಣಕ್ಕೆ ಹೆಬ್ಬಾಗಿಲು, ಅದರಿಂದ ಪ್ರಯೋಜನವಿಲ್ಲ. ಕೀಟ ನುಸುಳದಷ್ಟು ಒತ್ತಾದ ಪರದೆ ಸಿಕ್ಕರೆ ಹೊದಿಸಿ. ಇಲ್ಲದಿದ್ದರೆ ದಿನಾ ಎಲೆಯ ಅಡಿ ನೋಡಿ, ಬಿಳಿನೊಣ ತುಂಬಿದ ದಾಸವಾಳ, ಬದನೆಗಳಿಂದ ಸಸಿಗಳನ್ನು ದೂರ ಇಡಿ.

ಬಿತ್ತಿದ 25ರಿಂದ 30 ದಿನಕ್ಕೆ ನಾಲ್ಕೈದು ಎಲೆಯ, ಗೇಣಿಗಿಂತ ಗಿಡ್ಡನೆಯ ಗಟ್ಟಿ ಸಸಿ ಸಿದ್ಧವಾಗಿರುತ್ತದೆ. ನೆಡುವ ಮುಂಚಿನ ಮೂರ್ನಾಲ್ಕು ದಿನ ನೀರು ತುಸು ಬಿಗಿ ಹಿಡಿದು, ಇಡೀ ದಿನದ ಬಿಸಿಲಿಗೆ ಒಗ್ಗಿಸಿ, ಬಿಸಿಲಿಳಿದ ಮೇಲೆ ನೆಡಬೇಕು. ಗಿಡವೊಂದಕ್ಕೆ ಹದಿನೈದು ಲೀಟರಿನ ಕುಂಡವಾದರೂ ಬೇಕು. ಬಯಲುಸೀಮೆಯವರು ಜೂನ್-ಜುಲೈ, ಅಕ್ಟೋಬರ್-ನವೆಂಬರ್ ಎರಡರಲ್ಲೂ ಬಿತ್ತಬಹುದು. ಕರಾವಳಿಯವರು ಮಳೆ ಪೂರ್ತಿ ನಿಂತ ಮೇಲೆ ಬಿತ್ತುವುದೇ ವಾಸಿ. ಅಲ್ಲಿನ ಹುಳಿ ಮಣ್ಣಿನಲ್ಲಿ ಸೊರಗು ರೋಗದ ಕಾಟ ಜಾಸ್ತಿ, ಹಾಗಾಗಿ ಹಿತ್ತಲಿನ ಮಣ್ಣಿಗಿಂತ ಕುಂಡವೇ ಮೇಲು.

ಇಷ್ಟೆಲ್ಲ ರಗಳೆ ಯಾಕೆ, ನರ್ಸರಿಯಲ್ಲಿ ಸಸಿ ಸಿಗುತ್ತದಲ್ಲ ಎನ್ನುವವರ ಮಾತನ್ನೂ ತಳ್ಳಿಹಾಕಲಾರೆ. ಕಾಸಿನ ಉಳಿತಾಯಕ್ಕೆಂದು ಬಿತ್ತುವುದಾದರೆ ಬೇಡ. ಕುಂಡ, ಗೊಬ್ಬರದ ಖರ್ಚು ಸೇರಿಸಿದರೆ ಮೊದಲ ವರ್ಷ ಮಾರುಕಟ್ಟೆಯ ಟೊಮೆಟೊವೇ ಅಗ್ಗ. ಬೀಜದಿಂದ ಶುರು ಮಾಡುವುದರ ಲಾಭ ಆಯ್ಕೆಯದು. ನರ್ಸರಿಯವರು ಬೆಳೆಸುವುದು ಲಾರಿಯಲ್ಲಿ ದೂರದ ಊರಿಗೆ ಹೋದರೂ ಒಡೆಯದ ದಪ್ಪ ತೊಗಲಿನ ತಳಿ. ಸಾರಿಗೆ ಒದಗುವ ಹುಳಿ ಹಣ್ಣು, ಮಕ್ಕಳು ಕಿತ್ತು ತಿನ್ನುವ ಚೆರ್‍ರಿ ಟೊಮೆಟೊ ಬೇಕೆಂದರೆ ಬೀಜವೇ ದಾರಿ. ನರ್ಸರಿ ಸಸಿಯನ್ನೇ ತರುವವರು ಒಂದು ನೆನಪಿಡಿ: ಟ್ರೇಯಲ್ಲೇ ಹೂ ಬಿಟ್ಟ ಎತ್ತರದ ಸಸಿ ನೋಡಲು ಚೆಂದ, ಆದರೆ ವಯಸ್ಸು ಮೀರಿದ್ದು. ಪಕ್ಕದ ಗಿಡ್ಡ ಸಸಿಯೇ ಮುಂದೆ ಹೆಚ್ಚು ಕಾಯಿ ಕೊಡುತ್ತದೆ.

ಹಾಗಾಗಿ ಯಾವ ಬೀಜ ಕೊಳ್ಳಲಿ ಎಂದು ಕೇಳಿದವರಿಗೆ ಇತ್ತೀಚೆಗೆ ನಾನೇ ಒಂದು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರ ತನಕ ನೇರ ಬಿಸಿಲು ಬೀಳುವ ಎರಡಡಿ ಜಾಗ ಎಲ್ಲಿದೆ? ತೋರಿಸಿದವರಿಗೆ ಯಾವ ತಳಿಯಾದರೂ ಬಂದೀತು, ಧೈರ್ಯವಾಗಿ ಬಿತ್ತಲಿ. ಅಂಥ ಜಾಗವೇ ಇಲ್ಲದಿದ್ದರೆ ಟೊಮೆಟೊ ಆಸೆ ಬಿಟ್ಟು ದೊಡ್ಡಪತ್ರೆ, ಒಂದೆಲಗ, ಪುದೀನ ಹಾಕಿ ಎನ್ನುತ್ತೇನೆ. ಅವು ಅರೆನೆರಳಿನಲ್ಲೂ ಹುಲುಸಾಗಿ ಬರುತ್ತವೆ, ತಂಬುಳಿಗಾಗುತ್ತವೆ, ಚಟ್ನಿಗಾಗುತ್ತವೆ.